ತಣ್ಣಗಾದ ಮೇಲೆ ಬೀಗ

ನನ್ನ ಅಂಗಡಿಗೆ ಬರುವವರೆಲ್ಲ ಮೊದಲು ಆಡುವ ಮಾತು ಒಂದೇ: "ಬೂಟಾ, ನಾನೇನೂ ಮಾಡಿಲ್ಲ, ತಾನಾಗೇ ಕೆಟ್ಟೋಯ್ತು." ಗ್ರಾಸಿ ಪಾರ್ಕಿನಲ್ಲಿ ಅಣ್ಣನ ವಯಸ್ಸಿನವರಿಗೆಲ್ಲ ಬೂಟಾ ಎನ್ನುತ್ತಾರೆ, ಹಾಗಾಗಿ ಅರ್ಧ ಊರಿಗೆ ನಾನು ಬೂಟಾ ಆರ್ಮೀನ್. ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದೆ. ಹಳೆಯದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸ ಟೀವಿಯೇ ಅಗ್ಗವಾದ ಮೇಲೆ ಸಿಗರೇಟಿನ ಬದಲು ಸೇದುವ ಬ್ಯಾಟರಿಯ ವೇಪ್ ಡಬ್ಬಿಗಳಿಗೆ ಕೈ ಹಾಕಿದೆ. ಅದಕ್ಕೂ ಆರು ವರ್ಷವಾಯಿತು. ತಾನಾಗೇ ಕೆಟ್ಟ ಯಂತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಒಬ್ಬ ಬಿಡಿ ಬ್ಯಾಟರಿಯನ್ನು ಬೀಗದ ಕೈ ಗೊಂಚಲಿನ ಜೊತೆ ಜೇಬಿಗೆ ಹಾಕಿಕೊಂಡು ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದ. ಹೊಗೆ ಬಂದದ್ದು ಮೊದಲು ಅವನ ಹಿಂದಿದ್ದವರಿಗೆ ಕಂಡಿತು. ಪ್ಯಾಂಟು ಹೋಯಿತು, ತೊಡೆಯ ಮೇಲೆ ಅಂಗೈಯಗಲದ ಕಲೆ ಉಳಿಯಿತು. ಅವನೂ ಬಂದು ತಾನೇನೂ ಮಾಡಿಲ್ಲ ಎಂದೇ ಹೇಳಿದ. ಬ್ಯಾಟರಿ ಇಡಲು ಪ್ಲಾಸ್ಟಿಕ್ ಡಬ್ಬಿಯನ್ನು ನಾನು ಬಿಟ್ಟಿ ಕೊಡುತ್ತೇನೆ, ಜನ ಅದರಲ್ಲಿ ಮಾತ್ರೆ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ನನ್ನ ಬಾಯಿ ಸ್ವಲ್ಪ ಜೋರು. ಯಾರು ಏನು ತಂದರೂ ಮೊದಲು ಬೈದು, ಆಮೇಲೆ ಸ್ಕ್ರೂ ಬಿಚ್ಚುತ್ತೇನೆ. ಮೇಜಿನ ಮೇಲೆ ಗಿರಾಕಿಗಳ ಕಡೆ ಮುಖ ಮಾಡಿ ಒಂದು ಬೋರ್ಡು ನಿಲ್ಲಿಸಿದ್ದೇನೆ. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು, ಕಪ್ಪು ಮಸಿ, ದೊಡ್ಡ ಅಕ್ಷರ: "ತಣ್ಣಗಾದ ಮೇಲೆ ಬೀಗ." ಈ ಡಬ್ಬಿಗಳೊಳಗೆ ಕಾಯಿಲ್ ಎಂಬ ತಂತಿಯ ಸುರುಳಿ, ಅದರೊಳಗೆ ರಸದಲ್ಲಿ ನೆನೆದ ಹತ್ತಿ; ತಂತಿ ಕಾದು ರಸ ಹೊಗೆಯಾಗುತ್ತದೆ, ಆದರೆ ಶಾಖ ಅಳೆಯಲು ಥರ್ಮಾಮೀಟರ್ ಇರುವುದಿಲ್ಲ. ಕಾಯಿಲಿನ ತಂತಿ ಬಿಸಿಯಾದಷ್ಟೂ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ, ಆ ಏರಿಕೆ ನೋಡಿಯೇ ಡಬ್ಬಿ ಶಾಖ ಎಷ್ಟೆಂದು ಲೆಕ್ಕ ಹಾಕುತ್ತದೆ. ಅದಕ್ಕೆ ಮೊದಲು ತಂತಿ ಪೂರ್ತಿ ತಣ್ಣಗಿದ್ದಾಗ ಓಮ್ ಎಷ್ಟು ಎಂದು ತೋರಿಸಿ, ಆ ಅಂಕಿಗೆ ಬೀಗ ಹಾಕಿಡಬೇಕು. ಬಿಸಿಯಿದ್ದಾಗ ಬೀಗ ಹಾಕಿದರೆ ಡಬ್ಬಿ ಬಿಸಿಯನ್ನೇ ತಂಪು ಎಂದು ನಂಬುತ್ತದೆ. ಆಮೇಲೆ ಅದು ಇನ್ನೂರಿಪ್ಪತ್ತು ಡಿಗ್ರಿ ಎಂದುಕೊಂಡಾಗ ಒಳಗೆ ಮುನ್ನೂರು ದಾಟಿರುತ್ತದೆ, ಹತ್ತಿ ಸುಡುತ್ತದೆ. ಇಷ್ಟನ್ನು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬೋರ್ಡು ಬರೆದೆ.

ಆ ಶನಿವಾರ ಹನ್ನೊಂದೂವರೆಗೆ ತೋಯರ್ ಬಂದ. ತೋಯರ್ ಕಾರು ಓಡಿಸುವುದನ್ನು ಕಲಿಸುವವನು. ಬ್ರೇಕ್ ಎಲ್ಲಿದೆ ಎಂದು ಹುಡುಕುತ್ತಿರುವವರ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು, ಮೆಲುದನಿಯಲ್ಲಿ "ಪರವಾಗಿಲ್ಲ, ನಿಧಾನ" ಎನ್ನುವುದು ಅವನ ಉದ್ಯೋಗ. ಆ ಉದ್ಯೋಗದಲ್ಲಿ ದಿನಕ್ಕೆ ಮೂವತ್ತು ಸಿಗರೇಟು ಬೇಕಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ, ಹೃದಯದ ನಾಳಕ್ಕೆ ಎರಡು ಸ್ಟೆಂಟ್ ಹಾಕಿದರು. ಹೊರಗೆ ಬಂದ ದಿನ ಹೆಂಡತಿ ಮೈಮೂನಾ ಎರಡೇ ಮಾತು ಹೇಳಿದ್ದಳಂತೆ. ಇನ್ನೊಂದು ಸಿಗರೇಟು ಹಚ್ಚಿದರೆ ತಾನು ವೂಸ್ಟರಿನಲ್ಲಿರುವ ಅಕ್ಕನ ಮನೆಗೆ ಹೋಗುವುದಾಗಿಯೂ, ಹೋದರೆ ಬೆಟ್ಟ ದಾಟಿ ಮತ್ತೆ ಈಚೆ ಬರುವುದಿಲ್ಲವೆಂದೂ. ಅವನನ್ನು ಕೈಹಿಡಿದು ನನ್ನ ಅಂಗಡಿಗೆ ಕರೆತಂದವಳೂ ಅವಳೇ. ಎಂಟು ತಿಂಗಳಿನಿಂದ ಅವನು ನನ್ನ ಡಬ್ಬಿಯ ಮೇಲೆ ಬದುಕಿದ್ದಾನೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವನು ಬಾಗಿಲ ಕಡೆ ನೋಡುತ್ತ ನಿಂತ. ನಾಲ್ಕು ಸಲ ಎಳೆಯುವಷ್ಟರಲ್ಲಿ ಬ್ಯಾಟರಿ ದುರ್ಬಲ ಎಂದು ಬರುತ್ತದಂತೆ.

"ಏನ್ ಮಾಡ್ದೆ ಇದಕ್ಕೆ?" ಎಂದೆ.

"ನಾನೇನೂ ಮಾಡಿಲ್ಲ ಬೂಟಾ."

ಮುಚ್ಚಳ ತೆಗೆದೆ. ಈ ಡಬ್ಬಿಯೊಳಗೆ ಎರಡು ಬ್ಯಾಟರಿ ಇರುತ್ತವೆ. ನಮ್ಮ ಕಸುಬಿನಲ್ಲಿ ಅವನ್ನು ಮದುವೆಯಾದ ಬ್ಯಾಟರಿಗಳು ಎನ್ನುತ್ತೇವೆ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಎರಡನ್ನು ಜೋಡಿ ಮಾಡಿದ ಮೇಲೆ ಅವು ಒಟ್ಟಿಗೇ ಚಾರ್ಜ್ ಆಗಬೇಕು, ಒಟ್ಟಿಗೇ ಖಾಲಿಯಾಗಬೇಕು, ಮೂರನೆಯದರ ಜೊತೆ ಸೇರಬಾರದು. ನಾನು ಮಾರುವ ಪ್ರತಿ ಜೋಡಿಯ ಮೈಮೇಲೆ ನಂಬರ್ ಬರೆದಿರುತ್ತೇನೆ. ತೋಯರನದು ನಲವತ್ತೊಂದನೇ ಜೋಡಿ. ಒಳಗೆ ನಲವತ್ತೊಂದು ಎ ಇತ್ತು. ಅದರ ಪಕ್ಕದಲ್ಲಿ ನಲವತ್ತೊಂದು ಬಿ ಇರಬೇಕಾದ ಕಡೆ ಹೊದಿಕೆ ಹರಿದ, ಯಾವ ಕಾಲದ್ದೋ ಗೊತ್ತಿಲ್ಲದ ಒಂದು ಗುಲಾಬಿ ಬಣ್ಣದ ಮುದಿ ಬ್ಯಾಟರಿ ಮಲಗಿತ್ತು.

"ಇದ್ಯಾರು?" ಎಂದು ಕೇಳಿದೆ.

ತೋಯರ್ ಬಗ್ಗಿ ನೋಡಿದ. ಅವನಿಗೂ ಪರಿಚಯವಿರಲಿಲ್ಲ. ಅಡುಗೆಮನೆಯ ಟಾರ್ಚಿನದಿರಬೇಕು ಎಂದ. ಕರೆಂಟ್ ದಿನಕ್ಕೆ ಮೂರು ಸಲ ಹೋಗುವ ಕಾಲ, ಟಾರ್ಚ್ ಮಂಕಾಗಿತ್ತು, ಮೈಮೂನಾ ಒಳ್ಳೆಯದನ್ನು ಟಾರ್ಚಿಗೆ ಹಾಕಿ ಟಾರ್ಚಿನದನ್ನು ಇದಕ್ಕೆ ಹಾಕಿರಬೇಕು. ಮೀಟರಿಗೆ ಹಿಡಿದೆ. ಎ ಮೂರು ದಶಮಾಂಶ ಒಂಬತ್ತು ವೋಲ್ಟ್, ಮುದಿಯದು ಮೂರು ದಶಮಾಂಶ ಎರಡು. ಮುದಿಯದು ಸುಸ್ತಾದಾಗ ಡಬ್ಬಿ ನಿಲ್ಲುತ್ತದೆ, ಇನ್ನೊಂದಕ್ಕೆ ಶಕ್ತಿಯಿದ್ದರೂ ಉಪಯೋಗವಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಕೆಡಿಸಿದವರು ಯಾರೆಂದು ಇಷ್ಟು ಬೇಗ ಸಿಗುವುದು ಅಪರೂಪ.

ಮೈಮೂನಾಗೆ ಫೋನ್ ಮಾಡು, ಟಾರ್ಚ್ ತರಲಿ ಎಂದೆ. ತೋಯರ್ ಅಲುಗಾಡಲಿಲ್ಲ.

"ನೀವೇ ಮಾಡಿ ಬೂಟಾ. ಅವಳು ನನ್ನ ಜೊತೆ ಮಾತಾಡ್ತಾ ಇಲ್ಲ."

ಆಮೇಲೆ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಮೂರು ವಾರದಿಂದ ಅವನ ಬಟ್ಟೆಯಲ್ಲಿ ಸುಟ್ಟ ವಾಸನೆ. ಮೈಮೂನಾ ಕೆಲಸ ಮಾಡುವುದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ, ಇಪ್ಪತ್ತು ವರ್ಷದಿಂದ. ಯಾರ ಕೋಟು ಯಾವ ಮದುವೆಗೆ ಹೋಗಿತ್ತು, ಅಲ್ಲಿ ಏನು ಬಡಿಸಿದರು ಎಂದು ಮೂಗಿನಿಂದಲೇ ಹೇಳುವವಳು. ಅವನು ಸೇದುತ್ತಿಲ್ಲ ಎಂದ. ಅವಳು ಅಂಗಿಯನ್ನು ಮೂಗಿಗೆ ಹಿಡಿದು, ಸಿಗರೇಟಲ್ಲ, ಸಿಗರೇಟಿಗಿಂತ ಅಗ್ಗದ್ದೇನೋ ಇದು ಎಂದಳು. ಎಂಟು ದಿನದ ಹಿಂದೆ ಮಾತು ನಿಲ್ಲಿಸಿದಳು. ನಿನ್ನೆ ಬ್ಯಾಗು ತುಂಬಿದಳು. ಇವತ್ತು ಒಂದು ಗಂಟೆಗೆ ಅವಳ ಭಾವ ಇಸ್ಗಾಕ್ ವೂಸ್ಟರಿನಿಂದ ಪಿಕಪ್ ತರುತ್ತಾನೆ.

"ಸೇದಿದ್ಯಾ?" ಎಂದೆ.

"ಒಂದೂ ಇಲ್ಲ." ನನ್ನ ಕಣ್ಣನ್ನೇ ನೋಡಿ ಹೇಳಿದ. "ಅವಳು ಹೋದರೆ ಆ ಮನೇಲಿ ನಾನೇನ್ ಮಾಡ್ಲಿ ಬೂಟಾ? ಚಹಾಪುಡಿ ಎಲ್ಲಿಟ್ಟಿರ್ತಾಳೆ ಅನ್ನೋದೂ ನಂಗೊತ್ತಿಲ್ಲ."

ನಾನು ಮೈಮೂನಾಗೆ ಫೋನ್ ಮಾಡಿ ಟಾರ್ಚ್ ಬೇಕೆಂದೆ. ಅದು ತನ್ನ ಬ್ಯಾಗಿನಲ್ಲಿದೆ, ವೂಸ್ಟರಿನಲ್ಲೂ ಕರೆಂಟ್ ಹೋಗುತ್ತದೆ ಎಂದಳು. ಹಾಗಾದರೆ ಬ್ಯಾಗನ್ನೇ ತಾ ಎಂದೆ. ತರುತ್ತೇನೆ, ಇಸ್ಗಾಕನಿಗೆ ಅಲ್ಲಿಗೇ ಬರಲು ಹೇಳುತ್ತೇನೆ, ವಾಪಸ್ ನಡೆಯುವುದಾದರೂ ತಪ್ಪುತ್ತದೆ ಎಂದಳು.

ಹನ್ನೆರಡೂವರೆಗೆ ಬಂದಳು. ಗಂಡನ ಕಡೆ ನೋಡದೆ ಬ್ಯಾಗಿನ ಜಿಪ್ ಎಳೆದು, ಮಡಿಸಿದ ಸ್ಕಾರ್ಫುಗಳ ನಡುವಿನಿಂದ ಟಾರ್ಚ್ ತೆಗೆದು ಮೇಜಿನ ಮೇಲಿಟ್ಟಳು. ಹಿಂಬದಿ ತಿರುಗಿಸಿದೆ, ನಲವತ್ತೊಂದು ಬಿ ಹೊರಗೆ ಜಾರಿ ಅಂಗೈಗೆ ಬಿತ್ತು. ನಾನು ಶುರು ಮಾಡಿದೆ. ಜೋಡಿ ಎಂದರೇನು, ಒಂದನ್ನು ಎತ್ತಿ ಬೇರೆ ಕಡೆ ಹಾಕಿದರೆ ಉಳಿದದ್ದಕ್ಕೆ ಏನಾಗುತ್ತದೆ, ಹೊದಿಕೆ ಹರಿದ ಮುದಿಯದನ್ನು ಲೋಹದ ಡಬ್ಬಿಯೊಳಗೆ ತುರುಕಿದರೆ ಹೇಗೆ ಬೆಂಕಿ ಹತ್ತುತ್ತದೆ, ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದವನ ಪ್ಯಾಂಟು ಏನಾಯಿತು. ಒಂದನ್ನೂ ಬಿಡಲಿಲ್ಲ. ಮದುವೆಯಾದದ್ದನ್ನು ಬೇರೆ ಮಾಡಬಾರದು ಎಂದು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ತೋಯರ್ ಕೆಮ್ಮಿದ.

ಮೈಮೂನಾ ಪೂರ್ತಿ ಕೇಳಿಸಿಕೊಂಡಳು. "ಸರಿ ಬೂಟಾ. ಬೇರೆ ಮಾಡಿದ್ದು ನಾನೇ. ಗೊತ್ತಿರ್ಲಿಲ್ಲ, ತಪ್ಪಾಯ್ತು. ಈಗ ಹೇಳಿ, ಆ ಸುಟ್ಟ ವಾಸನೆ ಇದ್ರಿಂದ ಬಂತಾ?"

ಇದರಿಂದ ಬರುವುದಿಲ್ಲ. ಜೋಡಿ ತಪ್ಪಿದರೆ ಡಬ್ಬಿ ನಿಲ್ಲುತ್ತದೆ, ಸುಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ತೋಯರ್ ನನ್ನ ಮುಖವನ್ನೇ ನೋಡುತ್ತಿದ್ದ. ಹೌದು ಎಂದುಬಿಟ್ಟರೆ ಅವಳ ಬ್ಯಾಗು ಮನೆಗೆ ವಾಪಸ್ ಹೋಗುತ್ತದೆ, ಎಲ್ಲರಿಗೂ ಒಳ್ಳೆಯದು ಎನಿಸಿತು.

"ಬಂದಿರಬಹುದು," ಎಂದೆ.

"ಬಂದಿರಬಹುದು ಅಂತ ನೀವು ಹೇಳಿದ್ದು ನಾನು ಇವತ್ತೇ ಕೇಳಿದ್ದು," ಎಂದಳು. "ಟಾರ್ಚಿಗೆ ನಾನು ಅದನ್ನ ಹಾಕಿದ್ದು ಹೋದ ಭಾನುವಾರ. ವಾಸನೆ ಶುರುವಾಗಿ ಮೂರು ವಾರ ಆಯ್ತು. ಭಾನುವಾರ ಮಾಡಿದ್ದಕ್ಕೆ ಅದಕ್ಕೂ ಎರಡು ವಾರ ಮುಂಚೆ ವಾಸನೆ ಬರುತ್ತಾ ಬೂಟಾ?"

ಸಿಕ್ಕಿಬಿದ್ದಾಗ ನಾನು ಏನನ್ನಾದರೂ ಬಿಚ್ಚುತ್ತೇನೆ. ಡಬ್ಬಿಯ ಮೇಲಿನ ಟ್ಯಾಂಕನ್ನು ತಿರುಗಿಸಿ ಕಾಯಿಲನ್ನು ಹೊರಗೆ ತೆಗೆದೆ. ಹತ್ತಿ ಕಪ್ಪಗಾಗಿತ್ತು. ರಸದ ಕಂದು ಬಣ್ಣವಲ್ಲ, ಒಲೆಯೊಳಗೆ ಬಿದ್ದ ಬಟ್ಟೆಯ ಕಪ್ಪು. ಚಿಮಟದಲ್ಲಿ ಎತ್ತಿ ಮೈಮೂನಾ ಮುಂದೆ ಹಿಡಿದೆ. ಅವಳು ಹತ್ತಿರ ಬಂದು ಒಂದು ಸಲ ಮೂಸಿದಳು. ಆಮೇಲೆ ಗಂಡನ ಕಾಲರ್ ಹಿಡಿದು ತನ್ನ ಕಡೆ ಎಳೆದು ಅದನ್ನೂ ಮೂಸಿದಳು. ಎಂಟು ದಿನದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲಿರಬೇಕು, ತೋಯರ್ ಉಸಿರು ಬಿಗಿಹಿಡಿದು ನಿಂತಿದ್ದ.

"ಇದೇ," ಎಂದಳು. "ಹತ್ತೀನ ಇದು? ಯಾಕೆ ಸುಡ್ತಿದೆ? ಸುಡಲ್ಲ ಅಂತಾನೇ ಅಲ್ವಾ ನೀವು ಈ ಡಬ್ಬಿ ಕೊಡಿಸಿದ್ದು?"

ಅವಳು ಹೇಳಿದ್ದು ಸರಿ. ಹತ್ತಿ ಒಣಗಿದರೂ ಸುಡದಂತೆ ಶಾಖಕ್ಕೆ ಮಿತಿ ಹಾಕುವ ಡಬ್ಬಿ ಎಂದು ನಾನೇ ಹೇಳಿ ಮಾರಿದ್ದೆ. ಪರದೆ ನೋಡಿದೆ. ಬೀಗದ ಗುರುತಿನ ಪಕ್ಕದಲ್ಲಿ ಸೊನ್ನೆ ದಶಮಾಂಶ ಎರಡು ಎರಡು ಎಂದಿತ್ತು. ಕಾಯಿಲ್ ಒಂದು ಗಂಟೆಯಿಂದ ಮೇಜಿನ ಮೇಲೆ ತಣ್ಣಗೆ ಕೂತಿದೆ. ಅದನ್ನು ಓಮ್ ಮೀಟರಿಗೆ ಹಿಡಿದೆ. ಸೊನ್ನೆ ದಶಮಾಂಶ ಎರಡು ಸೊನ್ನೆ. ಇನ್ನೊಂದು ಸಲ ಹಿಡಿದೆ. ಮೀಟರನ್ನೇ ಬದಲಾಯಿಸಿ ಹಿಡಿದೆ.

ಯಾರೋ ಬಿಸಿಯಿದ್ದಾಗ ಬೀಗ ಹಾಕಿದ್ದರು.

ಬೈಯಲು ಬಾಯಿ ತೆರೆದೆ, ಅಭ್ಯಾಸ. ಅಷ್ಟರಲ್ಲಿ ನೆನಪಾಯಿತು, ಬೀಗ ಹಾಕುವುದು ಹೇಗೆಂದು ತೋಯರನಿಗೆ ಗೊತ್ತೇ ಇಲ್ಲ. ಮೆನುವಿಗೆ ಕೈ ಹಾಕಿದರೆ ಬೆರಳು ಮುರಿಯುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ, ಅವನು ಹೇಳಿದ ಮಾತು ಕೇಳುವವನು. ಆ ಡಬ್ಬಿಯ ಬೀಗ ಮುಟ್ಟಿದ ಕೈ ಜಗತ್ತಿನಲ್ಲಿ ಒಂದೇ.

ಮೂರು ವಾರದ ಹಿಂದಿನ ಗುರುವಾರ. ಎರಡು ಗಂಟೆಗೆ ಕರೆಂಟ್ ಹೋಗುವುದಿತ್ತು. ನನ್ನ ಶಟರ್ ಕರೆಂಟಿನದು, ನಡುವೆ ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಒಂದು ಸಲ ಹಾಗೆ ನಿಂತಾಗ ಹೊಟ್ಟೆಯ ಮೇಲೆ ತೆವಳಿಕೊಂಡು ಹೊರಗೆ ಬಂದಿದ್ದೆ, ಪಕ್ಕದ ಕಟುಕರಂಗಡಿಯವರು ಇನ್ನೂ ಅದನ್ನು ಮರೆತಿಲ್ಲ. ಎರಡಕ್ಕೆ ಐದು ನಿಮಿಷ ಇರುವಾಗ ತೋಯರ್ ಹೊಸ ಕಾಯಿಲ್ ಹಾಕಿಸಲು ಬಂದಿದ್ದ. ತಡವಾಗಿ ಬಂದದ್ದಕ್ಕೆ ಬೈದೆ. ಬೈಯುತ್ತಲೇ ತಂತಿ ಸುತ್ತಿ, ಹತ್ತಿ ತುಂಬಿ, ರಸ ಹಾಕಿ, ಎರಡು ಸಲ ಗುಂಡಿ ಒತ್ತಿ ಹೊಗೆ ನೋಡಿ, ಅದೇ ಉಸಿರಿನಲ್ಲಿ ಬೀಗ ಹಾಕಿದೆ. ಈ ಬೋರ್ಡಿನ ಹಿಂದೆಯೇ ನಿಂತು ಹಾಕಿದೆ.

ನನಗೆ ನಾಚಿಕೆಯಾಯಿತು. ಕಿವಿಯವರೆಗೆ ಬಿಸಿಯಾಗುವಂಥ ನಾಚಿಕೆ. ಆದರೂ ಮೊದಲು ತೋಯರನನ್ನೇ ಕೇಳಿದೆ, ಮೂರು ವಾರ ಸುಟ್ಟ ಹತ್ತಿ ಎಳೆದೆಯಲ್ಲ, ಯಾಕೆ ಬರಲಿಲ್ಲ ಎಂದು.

ಅವನು ಬೋರ್ಡಿನ ಕಡೆ ನೋಡಿದ. "ನಾನೇ ಏನೋ ಮಾಡಿರ್ಬೇಕು ಅನ್ಕೊಂಡೆ ಬೂಟಾ. ಬಂದ್ರೆ ಬೈತೀರಲ್ಲ ಅಂತ ಸುಮ್ನಿದ್ದೆ. ಬ್ಯಾಟರಿ ನಿಂತೋಗ್ದೆ ಇದ್ದಿದ್ರೆ ಇವತ್ತೂ ಬರ್ತಿರ್ಲಿಲ್ಲ."

ಕಲಿಯುವವರು ಗೋಡೆಗೆ ಗುದ್ದಿದರೂ ದನಿ ಏರಿಸದ ಮನುಷ್ಯ, ನನ್ನ ಬಾಯಿಗೆ ಹೆದರಿ ಮೂರು ವಾರ ಹೊಗೆ ನುಂಗಿದ್ದ. ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು. ಹೆಂಡತಿ ಬ್ಯಾಗು ತುಂಬುವುದನ್ನು ನೋಡುತ್ತ ಕೂತಿದ್ದರೂ ನನ್ನ ಹತ್ತಿರ ಬಂದಿರಲಿಲ್ಲ.

ಹೊರಗೆ ಹಾರ್ನ್ ಕೇಳಿಸಿತು. ಇಸ್ಗಾಕ್ ಹತ್ತು ನಿಮಿಷ ಮುಂಚೆಯೇ ಬಂದಿದ್ದ. ಮೈಮೂನಾ ಬ್ಯಾಗಿನ ಜಿಪ್ ಎಳೆಯತೊಡಗಿದಳು, ಟಾರ್ಚ್ ಇನ್ನೂ ಮೇಜಿನ ಮೇಲೇ ಇತ್ತು.

"ಮೈಮೂನಾ," ಎಂದೆ. "ತಪ್ಪು ನಂದು."

ಜಿಪ್ ನಿಂತಿತು. ಆರು ವರ್ಷದಲ್ಲಿ ಈ ಮೇಜಿನ ಹಿಂದಿನಿಂದ ಆ ಮಾತು ಹೊರಟದ್ದು ಮೊದಲ ಸಲ, ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ಮುಂದಿನದನ್ನು ತಡೆಯದೆ ಹೇಳಿದೆ. ಗುರುವಾರ, ಶಟರ್, ಐದು ನಿಮಿಷ, ಬಿಸಿ ಕಾಯಿಲ್, ಎರಡು ಅಂಕಿಗಳು. ಬ್ಯಾಟರಿಯ ಮೇಲೆ ಹಾಕಿ ಜಾರಿಕೊಳ್ಳಲು ನೋಡಿದೆ ಎಂಬುದನ್ನೂ ಹೇಳಿದೆ. ನಿನ್ನ ಗಂಡ ಸೇದಿಲ್ಲ, ಆ ವಾಸನೆ ನನ್ನದು ಎಂದೆ.

ಅವಳು ಮೇಜಿನ ಮೇಲಿದ್ದ ಕಪ್ಪು ಹತ್ತಿಯನ್ನು ನೋಡಿದಳು. "ನನಗ್ಯಾಕೆ ಹೇಳ್ತೀರಿ? ಅವನಿಗೆ ಹೇಳಿ."

ತೋಯರನ ಕಡೆ ತಿರುಗಿ ಹೇಳಿದೆ. ಅವನಿಗೆ ನನಗಿಂತ ಮುಜುಗರವಾಯಿತು. "ಪರವಾಗಿಲ್ಲ ಬೂಟಾ," ಎಂದ, ಬ್ರೇಕಿನ ಬದಲು ಇನ್ನೊಂದನ್ನು ಒತ್ತಿದವರಿಗೆ ಹೇಳುವ ಅದೇ ದನಿಯಲ್ಲಿ.

ಮತ್ತೆ ಹಾರ್ನ್ ಆಯಿತು. ಮೈಮೂನಾ ಬ್ಯಾಗು ಎತ್ತಿಕೊಂಡು ಹೊರಗೆ ಹೋದಳು. ತೋಯರ್ ಬಾಗಿಲನ್ನೇ ನೋಡುತ್ತ ಕೂತ. ನನ್ನ ಕೈಗೆ ಕೆಲಸ ಬೇಕಿತ್ತು. ಹಳೆಯ ಕಾಯಿಲ್ ಎಸೆದು ಹೊಸ ತಂತಿ ಸುತ್ತಿದೆ. ಬಿಸಿ ಎಲ್ಲ ಕಡೆ ಸಮನಾಗಿ ಹರಡುತ್ತದೆಯೇ ಎಂದು ಕೆಂಪಗೆ ಕಾಯಿಸಿ ನೋಡಿದೆ. ಹತ್ತಿಯನ್ನು ಸಡಿಲವಾಗಿ ಹಾಕಿ ರಸದಲ್ಲಿ ನೆನೆಸಿದೆ. ಟ್ಯಾಂಕಿನ ಕೆಳಗಿನ ತಿರುಪನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ನಲವತ್ತೊಂದು ಎ, ನಲವತ್ತೊಂದು ಬಿ, ಎರಡನ್ನೂ ಚಾರ್ಜರಿನಲ್ಲಿ ಅಕ್ಕಪಕ್ಕ ಮಲಗಿಸಿದೆ. ಹೊರಗೆ ಇಸ್ಗಾಕನ ದನಿ ಕೇಳುತ್ತಿತ್ತು, ಡೀಸೆಲ್, ಬೆಟ್ಟದ ದಾರಿ, ಬೆಳಿಗ್ಗೆ ಹತ್ತೂವರೆಗೇ ಹೊರಟದ್ದು. ಮೈಮೂನಾಳ ದನಿ ಕೇಳುತ್ತಿರಲಿಲ್ಲ. ಆಮೇಲೆ ಪಿಕಪ್ ಸ್ಟಾರ್ಟ್ ಆಯಿತು, ಗೇರ್ ಬಿತ್ತು, ಶಬ್ದ ರಸ್ತೆಯ ಕೊನೆಯವರೆಗೆ ಹೋಗಿ ಮುಗಿಯಿತು. ತೋಯರ್ ತಲೆ ಬಗ್ಗಿಸಿದ.

ಅವಳು ಬ್ಯಾಗಿನ ಜೊತೆ ಒಳಗೆ ಬಂದಳು. ಬ್ಯಾಗನ್ನು ಗಂಡನ ಕಾಲ ಬಳಿ ಇಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಆಯ್ತಾ?" ಎಂದು ನನ್ನನ್ನು ಕೇಳಿದಳು.

"ಕಾಯಿಲ್ ತಣ್ಣಗಾಗ್ಬೇಕು. ಆಮೇಲೆ ಬೀಗ."

"ಎಷ್ಟೊತ್ತು?"

"ಹತ್ತು ನಿಮಿಷ. ಹದಿನೈದು ಬಿಟ್ರೆ ಒಳ್ಳೇದು."

"ಹಾಗಾದ್ರೆ ಇಪ್ಪತ್ತು ಬಿಡಿ," ಎಂದಳು. ಆಮೇಲೆ ಎದುರಿನ ಗೋಡೆ ನೋಡುತ್ತ, ಗಂಡನಿಗೆ: "ಚಹಾಪುಡಿ ಅಕ್ಕಿ ಡಬ್ಬದ ಹಿಂದಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ಇದೆ."

ಅವನು ಅದನ್ನು ಹೇಳಿದ್ದು ನನ್ನ ಹತ್ತಿರ, ಅವಳು ಬರುವ ಮುಂಚೆ. ಅವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತಿಲ್ಲದ್ದು ಅವನಲ್ಲಿ ಹೆಚ್ಚೇನೂ ಉಳಿದಿರಲಿಕ್ಕಿಲ್ಲ. ತೋಯರ್ ತಲೆಯಾಡಿಸಿದ. ಅವಳು ಕೈ ಚಾಚಿ ಅವನ ಮಡಚಿಹೋಗಿದ್ದ ಕಾಲರನ್ನು ಸರಿಮಾಡಿ, ಈ ಅಂಗಿಯನ್ನು ಎರಡು ಸಲ ಒಗೆಯಬೇಕು ಎಂದಳು. ತನ್ನ ಮೂಗೂ ತಪ್ಪಿತು ಎಂದು ಇನ್ನೂ ಮೆಲ್ಲಗೆ ಹೇಳಿದಳು. ಅದು ಅವನಿಗೋ ನನಗೋ ತಿಳಿಯಲಿಲ್ಲ.

ಮೂವರೂ ಕೂತು ಕಾದೆವು. ಇಬ್ಬರು ಗಿರಾಕಿಗಳು ಬಂದರು, ತಾನಾಗೇ ಕೆಟ್ಟೋಯ್ತು ಎಂದರು. ಆಮೇಲೆ ಬನ್ನಿ ಎಂದೆ. ಬೈಯದೆ ಕಳಿಸಿದ್ದಕ್ಕೆ ಅವರು ಬಾಗಿಲಲ್ಲಿ ನಿಂತು ಒಂದು ಸಲ ತಿರುಗಿ ನೋಡಿದರು.

ಇಪ್ಪತ್ತು ನಿಮಿಷವಾದ ಮೇಲೆ ಕಾಯಿಲನ್ನು ಬೆರಳಿನಿಂದ ಮುಟ್ಟಿದೆ. ಟ್ಯಾಂಕ್ ಕೂರಿಸಿದೆ, ಬ್ಯಾಟರಿ ಹಾಕಿದೆ, ಎ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಎ, ಸಮನಾಗಿ ಸವೆಯಲಿ ಎಂದು. ಪರದೆಯಲ್ಲಿ ಸೊನ್ನೆ ದಶಮಾಂಶ ಎರಡು ಸೊನ್ನೆ ಬಂತು. ಅವರಿಬ್ಬರಿಗೂ ತೋರಿಸಿ ಬೀಗ ಹಾಕಿದೆ. ತೋಯರ್ ಒಂದು ಸಲ ಎಳೆದು ಬಿಟ್ಟ. ಮೈಮೂನಾ ಆ ಹೊಗೆಯೊಳಗೆ ಮುಖ ಚಾಚಿ ಮೂಸಿದಳು.

"ಸೋಂಪು," ಎಂದಳು. "ಬೇರೇನೂ ಇಲ್ಲ."

ಟಾರ್ಚಿಗೆ ಬೇರೆ ಬ್ಯಾಟರಿ ಕೊಟ್ಟೆ. ಮುದಿ ಗುಲಾಬಿಯನ್ನು ನಾನೇ ಇಟ್ಟುಕೊಂಡೆ, ಅದರ ಜಾಗ ಹಳೆಯ ಬ್ಯಾಟರಿಗಳ ಬಕೆಟ್ಟು. ತೋಯರ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡ. ಬಾಗಿಲ ಬಳಿ ಹೋದ ಮೈಮೂನಾ ವಾಪಸ್ ಬಂದು, ಮೇಜಿನ ಮೇಲಿದ್ದ ಬೋರ್ಡನ್ನು ಎರಡು ಕೈಯಲ್ಲೂ ಹಿಡಿದು, ಅಕ್ಷರ ನನ್ನ ಕಡೆ ಬರುವಂತೆ ತಿರುಗಿಸಿ ನಿಲ್ಲಿಸಿದಳು.

"ಓದಬೇಕಾದವರ ಕಡೆ ಇರಲಿ ಬೂಟಾ, ಕನಾಲಾ," ಎಂದಳು. ದಯವಿಟ್ಟು ಎನ್ನುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ, ಅಂದಮೇಲೆ ಇಲ್ಲ ಎನ್ನುವಂತಿಲ್ಲ.

ಅದು ಇವತ್ತಿಗೂ ಹಾಗೇ ಇದೆ. ಗಿರಾಕಿಗಳಿಗೆ ಕಾಣುವುದು ಬಿಸ್ಕತ್ತಿನ ಚಿತ್ರ. ಇದನ್ನು ಯಾಕೆ ಇಟ್ಟಿದ್ದೀರಿ ಎಂದು ಕೆಲವರು ಕೇಳುತ್ತಾರೆ. ಹಿಂದೆ ನನಗೊಂದು ಚೀಟಿ ಬರೆದಿದೆ ಎನ್ನುತ್ತೇನೆ. ಆಮೇಲೆ ಅವರು ತಂದ ಡಬ್ಬಿಯನ್ನು ತೆಗೆದುಕೊಂಡು, ಕೂತ್ಕೊಳ್ಳಿ, ಏನಾಯ್ತು ಹೇಳಿ ಎನ್ನುತ್ತೇನೆ.